ಹನ್ನೊಂದು ಮನೆ

ಗುಂಡ್ಲುಪೇಟೆ, ೧೯೫೬

ಭೀಮನಬೀಡಿನ ಪುಟ್ಟಮಾದುವಿಗೆ, ಗಂಗಾಧರಸ್ವಾಮಿ ಮೇಷ್ಟ್ರು ಮಾಡುವ ವಂದನೆ.

ಈ ಕಾಗದವನ್ನು ನಿನ್ನ ಮಗಳು ಓದಿ ಹೇಳುತ್ತಾಳೆ. ಅವಳಿಗೂ ತಿಳಿಯಲಿ ಅಂತಲೇ ಬರೆಯುತ್ತಿದ್ದೇನೆ.

ಐದು ವರ್ಷದ ಹಿಂದೆ ಜನಗಣತಿಗೆ ನಿಮ್ಮ ಕೇರಿಗೆ ಬಂದವನು ನಾನೇ ಅಲ್ಲವೇ? ಬಂದೆ ಅನ್ನುವುದೂ ಸುಳ್ಳು. ಹುಣಿಸೆಮರದ ಹತ್ತಿರವೇ ನಿಂತೆ. ಒಳಗೆ ಕಾಲಿಟ್ಟರೆ ಮನೆಗೆ ಹೋಗಿ ಸ್ನಾನ ಮಾಡಬೇಕಲ್ಲ ಅನ್ನುವ ರೇಜಿಗೆ. ನೀನು ನನಗೆಂದು ಮಣೆ ತೊಳೆದಿಟ್ಟು, ಮೇಲೆ ಹೊಸ ಟವೆಲು ಹಾಸಿದ್ದೆ. ನಾನು ಕಂಡೂ ಕಾಣದವನ ಹಾಗೆ, "ಅಲ್ಲಿಂದ್ಲೇ ಕೂಗಿ ಹೇಳ್ಲಾ" ಅಂದೆ. ನೀನು ಕೂಗಿದೆ: "ಅನ್ನೊಂದು ಮನೇನೂ ಕಿರಿಸ್ತಾನರು ಅಂತ ಬರ್ಕಳಿ ಬುದ್ಧಿ. ಕಾಗ್ದದಲ್ಲಾದ್ರೂ ನಾವು ಇರನ."

ನಾನು ತಲೆಯಾಡಿಸಿದೆ. ಆದರೆ ಬರೆಯಲಿಲ್ಲ ಪುಟ್ಟಮಾದು. ಕೆಲಸ ಬೇಗ ಮುಗಿಯಲಿ ಅಂತ ಹಿಂದಿನ ದಿನವೇ ಮನೆಯಲ್ಲಿ ಕೂತು, ಇಡೀ ಕೇರಿಗೆ ಧರ್ಮದ ಜಾಗದಲ್ಲಿ 'ಹಿಂದೂ' ಅಂತ ತುಂಬಿಬಿಟ್ಟಿದ್ದೆ. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತೆ, ತಾಲ್ಲೂಕಿನಲ್ಲೆಲ್ಲ ನನ್ನ ಅಕ್ಷರಕ್ಕೆ ಹೆಸರಿತ್ತು ನೋಡು. ಇವರು ಯಾವ ದೇವರಿಗೆ ಕೈಮುಗಿದರೆ ಯಾರಿಗೇನು ಅಂತ ಬಿಟ್ಟೆ.

ಹೋದ ವಾರ ಚಾಮರಾಜನಗರದ ಮಿಷನ್ನಿನಲ್ಲಿ ಆ ಪರದೇಶದ ವಿದ್ವಾಂಸರು ಗೋಡೆಗೆ ಲೋಕದ ನಕ್ಷೆ ತೂಗುಹಾಕಿದ್ದರಲ್ಲ, ಅವರ ಮಾತನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆಸಿದ್ದರು. ಕ್ರಿಸ್ತನನ್ನು ನಂಬಿದವರು ಯಾವ ದೇಶದಲ್ಲಿ ಎಷ್ಟು, ಅವರಲ್ಲಿ ಉಂಡು ಮಿಗಿಸುವವರೆಷ್ಟು, ಹಸಿದವರೆಷ್ಟು ಅಂತ ದೇಶದೇಶದ ಗಣತಿ ಕೂಡಿಸಿ ತಂದಿದ್ದರು. ಒಂದೇ ದೇವರ ಮಕ್ಕಳಲ್ಲಿ ಇಷ್ಟು ಏರುಪೇರು ಏಕೆ ಅನ್ನುವುದು ಅವರ ಸಂಕಟ. ಈ ಸೀಮೆಯಲ್ಲಿ ತೀರಾ ಗತಿಯಿಲ್ಲದ ಕ್ರೈಸ್ತರಿರುವ ಕಡೆಗೆ ಒಬ್ಬ ನರ್ಸಮ್ಮನನ್ನು ಕಳಿಸುತ್ತೇವೆ ಅಂದರು. ಅವರ ಪಟ್ಟಿಯಲ್ಲಿ ಭೀಮನಬೀಡಿನ ಮುಂದೆ, ನಾನು ತುಂಬಿದ ಗಣತಿಯ ಪ್ರಕಾರ, ಸೊನ್ನೆ ಇತ್ತು. ನಾನೇ ಓದಿ ಹೇಳಿದೆ.

ನೀನು ಗೋಡೆ ಪಕ್ಕದಿಂದ ಎದ್ದು, "ನಾವು ಅನ್ನೊಂದು ಮನೆ ಇದ್ದೀವಿ ಬುದ್ಧಿ. ನಮ್ ಸೊಸೆಗೆ ಎಂಟು ತಿಂಗ್ಳು. ಮೊದಲ್ನೇ ಕೂಸು ಪೇಟೆಗೆ ಓಗೋ ದಾರೀಲಿ ಗಾಡೀಲೇ ಓಗ್ಬುಡ್ತು" ಅಂದೆ. ಏನು ಹೇಳುತ್ತಿದ್ದಾನೆ ಅಂತ ಅವರು ನನ್ನ ಮುಖ ನೋಡಿದರು. ನನ್ನ ತಪ್ಪು ಬಯಲಾಗುತ್ತಲ್ಲ ಅಂತ ಹೆದರಿದೆ. ಬೇರೆ ಯಾವುದೋ ಊರಿನ ವಿಚಾರ ಹೇಳುತ್ತಿದ್ದಾನೆ ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಹೊರಗೆ ಬಂದಾಗ ನೀನು ನನಗೆ ಕೈಮುಗಿದೆ. "ನೀವು ಇದ್ದುದ್ಕೆ ನಮ್ ಮಾತು ಅವ್ರಿಗೆ ಮುಟ್ತು ಬುದ್ಧಿ" ಅಂದೆ.

ಆ ವಿದ್ವಾಂಸರು ಸೋಮವಾರದವರೆಗೂ ಮಿಷನ್ನಿನಲ್ಲೇ ಇರುತ್ತಾರೆ. ನಾನು ಮಾಡಿದ್ದನ್ನೆಲ್ಲ ಬರೆದು, ಸಹಿ ಹಾಕಿ, ಅವರಿಗೆ ಇವತ್ತೇ ಕಳಿಸಿದ್ದೇನೆ. ಕೆಲಸ ಹೋದರೆ ಹೋಗಲಿ. ಭಾನುವಾರ ನಿಮ್ಮ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಖಾಲಿ ಹಾಳೆ ಹಿಡಿದು ಬರುತ್ತೇನೆ. ಹನ್ನೊಂದು ಮನೆಯವರು ಹೇಳಿದ್ದನ್ನೇ ಬರೆದು, ಸೋಮವಾರ ಬೆಳಿಗ್ಗೆ ಅವರ ಕೈಗೇ ಕೊಡುತ್ತೇನೆ. ಮಣೆ ತೊಳೆಯಬೇಡ, ಟವೆಲು ಹಾಸಬೇಡ. ನನ್ನನ್ನು ಒಳಗೆ ಕರೆಯಲು ನಿನಗೆ ಮನಸ್ಸಾಗದಿದ್ದರೆ ಹುಣಿಸೆಮರದ ಹತ್ತಿರವೇ ನಿಂತಿರುತ್ತೇನೆ. ಅಲ್ಲಿಂದಲೇ ಕೂಗಿ ಹೇಳು.

ನಿನ್ನ ಸೊಸೆ ಸುಖವಾಗಿ ಹೆರಲಿ, ಕೂಸು ನೂರ್ಕಾಲ ಬಾಳಲಿ.

ಕ್ಷಮಿಸು ಅಂತ ಕೇಳಲೂ ಮುಖವಿಲ್ಲದ,
ಗಂಗಾಧರಸ್ವಾಮಿ