ಅಬ್ರೆಹೆತ್ ಅಜ್ಜಿಯ ಬಾಣಂತನ

ಯೂನಿಯನ್ ಸಿಟಿ
೧೨ ಜೂನ್ ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಫ್ಯಾನಿನಡಿ ಮಲಗಬೇಡ ಎಂದರೆ ನೀನು ಕೇಳುವವಳಲ್ಲ. ನಾನೂ ಲಾಸ್ಯಾಳೂ ಚೆನ್ನಾಗಿದ್ದೇವೆ. ಅವಳಿಗೆ ಕತ್ತು ನಿಂತಿದೆ. ಗೆಳತಿ ಆಶಾಲತಾ ಊರಿಗೆ ಹೊರಟಿದ್ದಾಳೆ, ಅವಳ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ.

ನಿನಗೆ ಇಲ್ಲಿಗೆ ಬರಲು ವೀಸಾ ಸಿಗದೆ ಹೋದಾಗ ಮಗಳ ಬಾಣಂತನ ಯಾರು ಮಾಡುತ್ತಾರೆಂದು ಅತ್ತಿದ್ದೆಯಲ್ಲ, ಪಕ್ಕದ ಅಪಾರ್ಟ್‌ಮೆಂಟಿನ ಅಬ್ರೆಹೆತ್ ಅಜ್ಜಿ ಮಾಡಿದರು. ಆಫ್ರಿಕಾದ ಎರಿಟ್ರಿಯಾದವರು. ಅವರ ಕಡೆಯೂ ಬಾಣಂತಿಗೆ ಮುದ್ದೆಯೇ! ನಡುವೆ ಗುಳಿ ಮಾಡಿ ತುಪ್ಪ, ಖಾರದ ಪುಡಿ ತುಂಬಿ, ತಿಂದು ಮುಗಿಸುವವರೆಗೆ ಎದುರೇ ನಿಲ್ಲುತ್ತಾರೆ. ಅಜ್ಜಿಯನ್ನು ಕಂಡರೆ ನಿನ್ನ ಅಳಿಯ ಮಧುಕರ್ ಲ್ಯಾಪ್‌ಟಾಪು ಮುಚ್ಚಿ ಎದ್ದೇಬಿಡುತ್ತಾರೆ. "ನಮ್ ಮ್ಯಾನೇಜರ್‌ಗೂ ಇಷ್ಟು ಹೆದರಲ್ಲ ಕಣೇ" ಅನ್ನುತ್ತಾರೆ. ಅಜ್ಜಿಗೆ ಹೆದರಲೇಬೇಕು ಅಮ್ಮಾ. ದೇಶದ ಸ್ವಾತಂತ್ರ್ಯಕ್ಕೆಂದು ಹದಿನೇಳಕ್ಕೇ ಜಡೆ ಕತ್ತರಿಸಿ ಬೆಟ್ಟ ಹತ್ತಿದವರು, ಮುಂದೆ ಒಂದು ಗೆರಿಲ್ಲಾ ತುಕಡಿಗೇ ನಾಯಕಿ. ಹಗಲು ವಿಮಾನಗಳು ಬಾಂಬು ಹಾಕುತ್ತಿದ್ದರೆ ಬಂಡೆಗಳ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ತಮ್ಮವರನ್ನು ನಡೆಸಿಕೊಂಡು ಹೋಗುತ್ತಿದ್ದರಂತೆ. ಕಾಲಲ್ಲಿ ಬರೀ ಪ್ಲಾಸ್ಟಿಕ್ ಚಪ್ಪಲಿ. ಬಾಂಬಿನ ಚೂರೊಂದು ಮೊಣಕಾಲಲ್ಲಿ ಈಗಲೂ ಇದೆ. ಲಾಸ್ಯಾಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುವಾಗ ಆ ಕಾಲನ್ನು ತುಸು ಓರೆ ಮಾಡಿಕೊಳ್ಳುತ್ತಾರೆ.

ಮೊನ್ನೆ ಸೂಟ್‌ಕೇಸಿಗೆ ಇವಳ ಅಂಗಿಗಳನ್ನು ಜೋಡಿಸುತ್ತಿದ್ದೆ. ಎಲ್ಲಿಗೆ ಎಂದು ಅಜ್ಜಿ ಕೇಳಿದರು. ನನ್ನ ರಜೆ ಮುಗಿಯುತ್ತದೆ, ಮಧುಕರ್ ಹಾಸನಕ್ಕೆ ಹೋಗಿ ಇವಳನ್ನು ನಮ್ಮಮ್ಮನ ಹತ್ತಿರ ಬಿಟ್ಟು ಬರುತ್ತಾರೆ, ಎರಡು ವರ್ಷ ತುಂಬಿದ ಮೇಲೆ ಕರೆತರುತ್ತೇವೆ, ನಮ್ಮವರು ಎಷ್ಟೋ ಜನ ಹೀಗೇ ಮಾಡುತ್ತಾರೆ ಎಂದೆ. ಅಜ್ಜಿ ಪಕ್ಕದಲ್ಲಿ ಕೂತು ಒಂದು ಅಂಗಿ ಮಡಚಿದರು. ಆಮೇಲೆ ಹೇಳಿದರು. ಅವರೂ ಬೆಟ್ಟದಲ್ಲೇ ಹೆತ್ತಿದ್ದರಂತೆ. ಇನ್ನೂ ಹಾಲು ಬಿಡದ ಮಗಳನ್ನು ಶಿಬಿರದ ಅಡುಗೆಯಾಕೆಗೆ ಒಪ್ಪಿಸಿ ಕಾದಾಟಕ್ಕೆ ಹೋದರು. ವರ್ಷಗಳ ನಂತರ ಗೆದ್ದು ಬಂದಾಗ ಮಗಳು ಆ ಅಡುಗೆಯಾಕೆಯ ಬೆನ್ನ ಹಿಂದಿನಿಂದ ಇಣುಕಿ, ನೆಂಟರಿಗೆ ಕೊಡುವಂತೆ ಇವರಿಗೊಂದು ಲೋಟ ನೀರು ತಂದುಕೊಟ್ಟಳು. "ಕುಡಿದು ಥ್ಯಾಂಕ್ಸ್ ಹೇಳಿದೆ" ಎಂದರು. ಈಗ ಅದೇ ಮಗಳ ಮನೆಯಲ್ಲೇ ಇದ್ದಾರೆ. ಅವಳು ಇವತ್ತಿಗೂ ಇವರನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಹೋರಾಟಕ್ಕೆ ಹೋದದ್ದಕ್ಕೆ ಅಜ್ಜಿಗೆ ಬೇಸರವಿಲ್ಲ, ಇನ್ನೊಮ್ಮೆ ಕರೆದರೂ ಹೋಗುವವರೇ. ನನಗೆ ಕಳಿಸಬೇಡ ಎನ್ನಲೂ ಇಲ್ಲ. ಉಳಿದ ಅಂಗಿಗಳನ್ನು ಮಡಚಿಕೊಟ್ಟು ಎದ್ದು ಹೋದರು. ಆಮೇಲೆ ನಾನು ಅತ್ತದ್ದೇ ಅತ್ತದ್ದು.

ಅಪ್ಪನಿಗೆ ನಮಸ್ಕಾರ ಹೇಳು. ಲಾಸ್ಯಾಳ ಬೊಚ್ಚುಬಾಯಿಯ ಮುತ್ತು ನಿನಗೊಬ್ಬಳಿಗೇ.

ನಿನ್ನ
ಕಾವ್ಯಾ

ವಿ.ಸೂ.: ಅಮ್ಮಾ, ಮಗುವಿನ ಟಿಕೆಟ್ ರದ್ದು ಮಾಡಿದೆ. ಮಧುಕರ್ ಡೇಕೇರ್ ಹುಡುಕುತ್ತಿದ್ದಾರೆ. ನೀನು ತೊಟ್ಟಿಲಿಗೆ ಬಣ್ಣ ಹೊಡೆಸಿ ಕಾಯುತ್ತಿದ್ದೀಯ ಎಂದು ಗೊತ್ತು. ಬೇಕಾದಷ್ಟು ಬೈಯಿ, ಫೋನು ಮಾತ್ರ ಎತ್ತದೆ ಇರಬೇಡ. ವೀಸಾಕ್ಕೆ ಇನ್ನೊಮ್ಮೆ ಅರ್ಜಿ ಹಾಕು. ಅವಳು ನನ್ನನ್ನು ಅಮ್ಮ, ನಿನ್ನನ್ನು ಅಜ್ಜಿ ಎಂದೇ ಕರೆಯಲಿ ಅಮ್ಮಾ.