ಎಡಗೈಯ ಮುಷ್ಕರ

ಭಾನುವಾರ, ಮಾರ್ಚ್ ೧೧

ಪ್ರೀತಿಯ ಗುಂಡಮ್ಮನಿಗೆ, ಅಪ್ಪನ ನೂರು ಆಶೀರ್ವಾದ.

ನೀನು ಕಳಿಸಿದ ಸ್ವೆಟರ್ ತಲುಪಿ ತಿಂಗಳಾಯಿತು, ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಮೂವತ್ತು ದಾಟಿದವಳನ್ನು ಇನ್ನೂ ಗುಂಡಮ್ಮ ಅನ್ನುತ್ತೀರಲ್ಲ ಎಂದು ಅಳಿಯಂದಿರು ಹೋದ ಸಲ ನಕ್ಕಿದ್ದರು. ಇಟ್ಟ ಹೆಸರನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ ಎಂದು ಅವರಿಗೆ ಹೇಳು.

ಮೊದಲು ಸುದ್ದಿ. ಹೋದ ವಾರ ಶನಿವಾರ ಮಧ್ಯಾಹ್ನ ಬಸ್ ಡಿಪೋದವರ ವಾರ್ಷಿಕೋತ್ಸವದಲ್ಲಿ ನನ್ನ ಹಾಸ್ಯಗೀತೆಗಳ ಕಾರ್ಯಕ್ರಮವಿತ್ತು. ರಿಪೇರಿ ಶೆಡ್ಡಿನಲ್ಲೇ ವೇದಿಕೆ, ಕಾಲಡಿಯೆಲ್ಲ ಗ್ರೀಸು. ‘ಬೀರುವಿನೊಳಗಿನ ಹವಾಮಾನ ವರದಿ’ ಹಾಡಿದೆ: ಮೇಲಿನ ಖಾನೆಯಲ್ಲಿ ತುಂತುರು, ಕಾಲುಚೀಲಗಳ ಕಡೆ ಗುಡುಗು. ಆಮೇಲೆ, ಮೇಜು ತನ್ನ ಐದನೇ ಕಾಲಿಗೆ ಬರೆದ ಪ್ರೇಮಗೀತೆ. ಮುಂದಿನ ಸಾಲಿನ ಮೆಕ್ಯಾನಿಕ್ಕೊಬ್ಬರು ಪಕ್ಕದವರನ್ನು, “ಮೇಜಿಗೆ ಐದನೇ ಕಾಲು ಎಲ್ಲಿಂದ ಬಂತ್ರೀ?” ಎಂದು ಗಂಭೀರವಾಗಿ ಕೇಳಿದರು. ಇಪ್ಪತ್ತಾರು ವರ್ಷದಿಂದ ಹೋದಲ್ಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ ಖುಷಿಯಾಗುತ್ತಿತ್ತು. ಈಗ ಸುಸ್ತಾಗುತ್ತದೆ.

ಅದೇ ಹಾಡಿನ ನಡುವೆ ನನ್ನ ಎಡಗೈ ನಿಂತುಬಿಟ್ಟಿತು. ತಮಾಷೆಯಲ್ಲ ಕಣಮ್ಮ, ನಿಜವಾಗಿಯೂ. ಬೆರಳು ಮಡಚಲಿಲ್ಲ. ಎದೆಗೆ ತಗುಲಿಸಿದ್ದ ಅಕಾರ್ಡಿಯನ್ನಿನ ಗಾಳಿತಿದಿ ಕೈಜಾರಿ, ನೆಲದ ಕಡೆ ಜೋತುಬಿದ್ದು ಉಸ್ಸೆಂದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಪ್ಪು ಅವರದಲ್ಲ. ನನಗೆ ಹೆಸರು ತಂದ ಐಟಮ್ಮೇ ಅದಲ್ಲವೇ? ಹಾಡಿನ ಮಧ್ಯೆ ಎಡಗೈ ಮುಷ್ಕರ ಹೂಡುತ್ತದೆ, ನಾನು ಆ ಕೈಯ ಕಾಲು ಹಿಡಿದು ಗೋಗರೆಯುತ್ತೇನೆ. ಅದಕ್ಕೆ ಭಾನುವಾರ ರಜೆ ಬೇಕು, ಉಗುರಿಗೆ ಎಣ್ಣೆ ಬೇಕು, ಬಲಗೈಗೆ ಸಿಗುವ ಮರ್ಯಾದೆ ಬೇಕು. ನಿನಗೆ ಸೈಕಲ್ ಕಲಿಸಿದ ನಮ್ಮ ಡ್ರಮ್ಮಿನ ಮಹಾನುಭಾವ ಎಂದಿನಂತೆ ಬಾರಿಸಲು ಶುರುಮಾಡಿದ. ಅವನ ಕಡೆ ಬಾಗಿ, “ಲೋ, ನಿಜವಾಗ್ಲೂ ಕೈ ಬರ್ತಿಲ್ಲ ಕಣೋ” ಅಂದೆ.

“ಸೂಪರ್ ಅಣ್ಣಾ, ಇನ್ನೂ ಸ್ವಲ್ಪ ಎಳೀರಿ” ಅಂದ.

ಡಿಪೋದವರು ನನ್ನ ಕೈಗೆ ಜೈಕಾರ ಕೂಗಿದರು. ನಾನು ಬೆವರುತ್ತಾ ನಿಂತಿದ್ದೆ.

ಸೋಮವಾರ ಡಾಕ್ಟರ ಹತ್ತಿರ ಹೋದೆ. “ಡಾಕ್ಟ್ರೇ, ಎಡಗೈ ಮಾತು ಕೇಳ್ತಿಲ್ಲ” ಅಂದದ್ದೇ ತಡ, “ಅಯ್ಯೋ, ನೀವಾ ಸಾರ್! ಏನಂತೆ ಅದರ ಬೇಡಿಕೆ?” ಎಂದು ಕುರ್ಚಿಗೊರಗಿ ನಕ್ಕರು. ನರ್ಸಮ್ಮನನ್ನೂ ಕರೆದು ತೋರಿಸಿದರು. ನಗುತ್ತಲೇ ಸೂಜಿ ತಂದು ಹೆಬ್ಬೆರಳಿಗೆ ಚುಚ್ಚಿದರು, ಅಂಗೈಗೆ ಚುಚ್ಚಿದರು. ಮೂರನೇ ಸಲ ಚುಚ್ಚುವಾಗ ನಗು ನಿಂತಿತ್ತು. “ಇಪ್ಪತ್ತೊಂದನೇ ತಾರೀಕು ಬುಧವಾರ ಸ್ಕ್ಯಾನ್ ಮಾಡ್ಸೋಣ. ಮನೆಯವರು ಯಾರಾದ್ರೂ ಜೊತೇಲಿ ಬರ್ಲಿ” ಅಂದರು. ಮುಂದಿನ ಕಾರ್ಯಕ್ರಮಗಳು ಬೇಡ ಎಂದು ಡ್ರಮ್ಮಿನವನಿಗೆ ಹೇಳಿದರೆ ಅದಕ್ಕೂ ನಕ್ಕ. ಅಂಗಿಯ ಗುಂಡಿ ಹಾಕಿಕೊಳ್ಳಲು ಈಗ ಕಾಲು ಗಂಟೆ ಬೇಕು. ಈ ಹಾಳೆ ಸರಿಯದಂತೆ ಕನ್ನಡಕದ ಡಬ್ಬಿ ಹೇರಿಟ್ಟು ಬರೆಯುತ್ತಿದ್ದೇನೆ.

ನಿಮ್ಮಮ್ಮ ಇದ್ದಿದ್ದರೆ ಯಾರಿಗೂ ಏನೂ ಹೇಳಬೇಕಿರಲಿಲ್ಲ. ಸಭೆಯೆಲ್ಲ ಬಿದ್ದು ಬಿದ್ದು ನಗುವಾಗ ಅವಳೊಬ್ಬಳು ಗುಮ್ಮನೆ ಕೂತಿರುತ್ತಿದ್ದಳು. “ನಗೋಕೆ ಏನಿದೆ ಅದ್ರಲ್ಲಿ? ನಿಮಗೆ ಸುಸ್ತಾಗಿದೆ, ಕಾಣುತ್ತೆ” ಅನ್ನುತ್ತಿದ್ದಳು. ಅದಕ್ಕೆ ಎಷ್ಟು ಸಲ ಮುಖ ಊದಿಸಿಕೊಂಡು ಊಟ ಬಿಟ್ಟಿದ್ದೇನೋ! ಈಗ ಆ ನಗದ ಮುಖ ಒಂದೇ ಒಂದು ಸಲ ಎದುರಿಗೆ ಬಂದರೆ ಸಾಕು ಅನ್ನಿಸುತ್ತದೆ. ನನಗೆ ಭಯವಾಗಿದೆ, ಗುಂಡಮ್ಮ.

ನಿಮ್ಮ ಲ್ಯಾಬಿನಲ್ಲಿ ರಜೆ ಸಿಗುವುದು ಕಷ್ಟ, ಗೊತ್ತು. ಆದರೂ ಆ ಬುಧವಾರ ನೀನು ಬರಬೇಕು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಳ್ಳುವವರು ಒಬ್ಬರು ಪಕ್ಕದಲ್ಲಿರಬೇಕು.

ನೀವಿಬ್ಬರೂ ತಣ್ಣಗಿರಿ. ಆಸ್ಪತ್ರೆಯ ಬೆಂಚು ನಿಮ್ಮ ಹಗೆಯವರಿಗೂ ಬೇಡ.

ನಿನ್ನ,
ಅಪ್ಪ

ಮತ್ತೊಂದು ಮಾತು: ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯೇನೋ. ಹೇಳಿದ್ದೆ ಕಣಮ್ಮ. ಅವತ್ತು ವೇದಿಕೆ ಇಳಿದವನೇ ಮೊದಲು ನಿನಗೇ ಫೋನು ಮಾಡಿ, “ಎಡಗೈ ಹೋಯ್ತು” ಅಂದೆ. ನೀನು ತುಂಬ ಹೊತ್ತು ನಕ್ಕೆ. ನಿನ್ನ ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು, ತಡೆಯಲು ಮನಸ್ಸಾಗಲಿಲ್ಲ. ನಾನೂ ನಿನ್ನ ಜೊತೆ ನಕ್ಕು ಫೋನಿಟ್ಟೆ.