ಅಕ್ಕನ ಹೆಸರಿನ ಹತ್ತೊಂಬತ್ತು ಕವಿತೆಗಳು

ಮೂವತ್ತನೇ ದಿನ, ಮಧ್ಯಾಹ್ನದ ಬಿಡುವು
ಹೊಲಿಗೆ ಅಂಗಡಿ

ನನ್ನ ಮುಂಗೋಪಿ ಅಕ್ಕನಿಗೆ,

ನಿನ್ನ ತಂಗಿಯ ಪ್ರೀತಿ, ಅದರ ಬೆನ್ನಿಗೇ ಒಂದು ತಪ್ಪೊಪ್ಪಿಗೆ. ಎದುರಿಗೆ ಬಂದು ಹೇಳುವ ಧೈರ್ಯವಿಲ್ಲ. ಸಂಜೆ ಈ ಕಾಗದವನ್ನು ನಿನ್ನ ಬಾಗಿಲಡಿ ತೂರಿಸಿ ಓಡಿಹೋಗುತ್ತೇನೆ.

ಶಾಲೆ ತೆರೆಯಲು ಹತ್ತೇ ದಿನ. ಬೆಳಗ್ಗೆಯಿಂದ ನಲವತ್ತು ಕಾಲರ್ ಹೊಲಿದಿದ್ದೇನೆ, ಕಣ್ಣು ಮುಚ್ಚಿದರೂ ಯೂನಿಫಾರ್ಮಿನ ನೀಲಿಯೇ ಕಾಣುತ್ತದೆ. ಸೊಂಟ ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ. ‘ಇಂಥ ತಿಂಗಳಲ್ಲಿ ಮೂವತ್ತು ದಿನ, ದಿನಕ್ಕೊಂದು ಕವಿತೆ ಬರೆಯುವ ಸವಾಲಿಗೆ ಸೇರಿದ್ದೀಯಲ್ಲ, ನಿನಗೆ ತಲೆ ಕೆಟ್ಟಿದೆ’ ಎಂದು ನೀನು ಬೈದದ್ದು ಸರಿಯೇ. ಆದರೆ ಭಾವ ಹೋದ ಮೇಲೆ ಐದು ತಿಂಗಳು ನೀನು ಹೊಸಿಲು ದಾಟಿರಲಿಲ್ಲ. ನನಗೊಂದು ನೆಪ ಬೇಕಿತ್ತು. ಗ್ರಂಥಾಲಯದ ಮೇಷ್ಟ್ರು ಜೋಡಿಯಾಗಿಯೇ ಸೇರಬೇಕು ಅಂದರು. ಬೆಳಗ್ಗೆ ಅವರು ಕೊಡುವ ವಿಷಯಕ್ಕೆ ಸಂಜೆ ಆರರೊಳಗೆ ಇಬ್ಬರ ಚೀಟಿಯೂ ಡಬ್ಬಿಗೆ ಬೀಳಬೇಕು, ಒಬ್ಬರು ತಪ್ಪಿದರೆ ಇಬ್ಬರೂ ಹೊರಗೆ. ಅದನ್ನು ಕೇಳಿದ ಕೂಡಲೇ ನಿನ್ನ ಹೆಸರು ಬರೆಸಿಬಿಟ್ಟೆ.

ಹತ್ತು ದಿನ ನೀನು ಗೊಣಗುತ್ತಲೇ ಬರೆದುಕೊಟ್ಟೆ. ಡಬ್ಬಿಗೆ ಹಾಕುವ ಕೆಲಸ ನನ್ನದಾಗಿತ್ತು. ಹನ್ನೊಂದನೇ ದಿನದ ವಿಷಯ ಕುರ್ಚಿ. ನೀನು ಭಾವನ ಕುರ್ಚಿಯ ಕಡೆ ನೋಡಿ, ಸಾಕು ಕಣೇ, ನನ್ನ ಕೈಲಾಗಲ್ಲ ಅಂದು ಬಾಗಿಲು ಹಾಕಿಕೊಂಡೆ. ಮರುದಿನ ನಾನು ಕಿಟಕಿಯಲ್ಲಿ ನಿಂತು, ನಮ್ಮಿಬ್ಬರ ಹೆಸರೂ ಹೊಡೆದುಹಾಕಿದರು ಎಂದೆನಲ್ಲ, ಅದು ಸುಳ್ಳು.

ನೀನು ಬಾಗಿಲು ಹಾಕಿಕೊಂಡ ಸಂಜೆಯೇ ಅಳತೆ ಚೀಟಿಯ ಹಿಂದೆ, ನಿನ್ನ ಅಕ್ಷರದ ಹಾಗೆ ದುಂಡಗೆ, ನಿನ್ನ ಹೆಸರಿನಲ್ಲಿ ನಾನೇ ಬರೆದು ಹಾಕಿದೆ. ಆಮೇಲೆ ದಿನವೂ ಅದೇ, ನಿನ್ನೆಗೆ ಹತ್ತೊಂಬತ್ತಾದವು. ನನ್ನ ಹೆಸರಿನವೆಲ್ಲ ಸೂಜಿ, ದಾರ, ಬೆನ್ನುನೋವು ಅಂತ ಒಣ ಒಣ. ನಿನ್ನವನ್ನು ಬರೆಯುವಾಗ ಮಾತ್ರ ಚೀಟಿ ಒದ್ದೆಯಾಗುತ್ತಿತ್ತು. ಕುರ್ಚಿಯ ಕವಿತೆಯಲ್ಲಿ, ಅವರ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಖಾಲಿ ಕುರ್ಚಿಯ ಎದುರು ಈಗಲೂ ಕಲಕುತ್ತೇನೆ ಅಂತೆಲ್ಲ ಬರೆದೆ. ನೀನು ಹಾಗೆ ಮಾಡುತ್ತೀಯೋ ಇಲ್ಲವೋ, ನನಗೇನು ಗೊತ್ತು? ಮೇಷ್ಟ್ರು ಚೀಟಿಗಳನ್ನು ಅಂಟಿಸುವ ಗ್ರಂಥಾಲಯದ ಫಲಕದ ಮುಂದೆ ಜನ ನಿಂತು ಓದಿ ಕಣ್ಣೊರೆಸಿಕೊಂಡರು. ನನಗೆ ಹೆಮ್ಮೆಯಾಯಿತು ಅಕ್ಕ. ಮನೆಗೆ ಬರುವಷ್ಟರಲ್ಲಿ ನಾಚಿಕೆಯಾಯಿತು. ನಿನ್ನ ದುಃಖವನ್ನು ನಿನ್ನನ್ನೊಂದು ಮಾತು ಕೇಳದೆ ಊರಿಗೆಲ್ಲ ತೋರಿಸಿದೆ.

ಇನ್ನೊಂದು ಮಾತೂ ಇದೆ. ಭಾವ ನನಗೂ ಬೇಕಾದವರು. ನಿನ್ನ ಮುಂದೆ ಅಳಬಾರದು ಅಂತ ಐದು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ.

ಭಾನುವಾರ ಗ್ರಂಥಾಲಯದಲ್ಲಿ ಎಲ್ಲರ ಮುಂದೆ ಕುರ್ಚಿಯ ಕವಿತೆಯನ್ನು ನೀನೇ ಓದಬೇಕಂತೆ. ಕರೆಯಲು ತಾವೇ ನಿನ್ನ ಮನೆಗೆ ಬರುವುದಾಗಿ ಮೇಷ್ಟ್ರು ನಿನ್ನೆ ಹೇಳಿದರು. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಲಿ. ಇವತ್ತಿನ ವಿಷಯ ನಿದ್ದೆ. ನಿನ್ನ ಹೆಸರಿನಲ್ಲಿ ಇನ್ನು ನಾನು ಬರೆಯುವುದಿಲ್ಲ. ಕೊನೆಯ ದಿನ ಇಬ್ಬರೂ ಹೊರಗೆ ಬಿದ್ದರೆ ಬೀಳೋಣ. ನನಗೆ ಸುಸ್ತಾಗಿದೆ. ಎಷ್ಟು ಬೇಕಾದರೂ ಬೈ, ಬಾಗಿಲು ತೆಗೆದು ಬೈ.

ನಿನ್ನ ಕಳ್ಳ ತಂಗಿ,
ಪುಟ್ಟಿ

ಮತ್ತೆ: ಈಗ ಗಂಟೆ ಐದೂಮುಕ್ಕಾಲು, ಗ್ರಂಥಾಲಯದ ಬೆಂಚಿನ ಮೇಲೆ ಕೂತಿದ್ದೇನೆ. ನನ್ನ ಚೀಟಿ ಹಾಕಲು ಬಂದರೆ, ಮೇಷ್ಟ್ರು ಬೆಳಗ್ಗೆಯೇ ನಿನ್ನ ಮನೆಗೆ ಹೋಗಿ ಬಂದಿದ್ದಾರೆ! ಮೂರು ಗಂಟೆಗೆ ನೀನು ಒಬ್ಬಳೇ ನಡೆದುಕೊಂಡು ಬಂದೆಯಂತೆ. ಹತ್ತೊಂಬತ್ತನ್ನೂ ನಿಂತೇ ಓದಿದೆಯಂತೆ. ಕುರ್ಚಿಯ ಕವಿತೆಯಲ್ಲಿ ಎರಡು ಚಮಚವನ್ನು ಪೆನ್ಸಿಲಿನಲ್ಲಿ ಹೊಡೆದು ಮೂರು ಅಂತ ತಿದ್ದಿದ್ದೀಯ. ಡಬ್ಬಿಯಿಂದ ಇವತ್ತಿನ ನಿನ್ನ ಚೀಟಿ ತೆಗೆದು ಮೇಷ್ಟ್ರು ನನಗೆ ತೋರಿಸಿದರು. ನಿನ್ನದೇ ಅಕ್ಷರ:

ನನ್ನ ಪಾಳಿಯಲ್ಲೂ ಅತ್ತಳು ತಂಗಿ ಇಷ್ಟು ದಿನ.
ಈಗವಳು ಮಲಗಲಿ. ನಾನು ಎದ್ದಿದ್ದೇನೆ.

ಕಾಗದವನ್ನು ಬಾಗಿಲಡಿ ತೂರಿಸುವುದಿಲ್ಲ ಅಕ್ಕ. ಬಾಗಿಲು ಬಡಿಯುತ್ತೇನೆ.